ಊರೂರಿಗೆ ಹೋದ ನನ್ನ ನೋಟ್ಸು

ಪರೀಕ್ಷೆಯ ದಿನ ಬೆಳಿಗ್ಗೆ ಬಾಗಲಕೋಟೆಯ ನವನಗರದ ಕಾಲೇಜೊಂದರ ಕಾಂಪೌಂಡಿನಲ್ಲಿ ನನ್ನ ಅಕ್ಷರವನ್ನು ನಾನು ಬೇರೆಯವರ ಮಡಿಲಲ್ಲಿ ನೋಡಿದೆ. ಬೇವಿನ ಮರದ ಕೆಳಗೆ ಕೂತಿದ್ದ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಝೆರಾಕ್ಸ್ ಹಾಳೆಗಳ ದಪ್ಪ ಕಟ್ಟೊಂದನ್ನು ತಿರುವುತ್ತ ತುಟಿ ಅಲ್ಲಾಡಿಸುತ್ತಿದ್ದಳು. ನಾನು ಗೆರೆ ಎಳೆದು ಬರೆದ ಚಾಲುಕ್ಯರ ವಂಶಾವಳಿ. ಪಕ್ಕದಲ್ಲಿ ನಾನು ಚೌಕ ಹಾಕಿ ಬರೆದ ಇಸವಿಗಳು. ಒಂದು ಹಾಳೆಯ ಮೂಲೆಯಲ್ಲಿ ಚಹಾ ಕಪ್ಪಿನ ದುಂಡನೆ ಕಲೆ ಕೂಡ ಕಪ್ಪಾಗಿ ಅಚ್ಚಾಗಿತ್ತು. ಆ ಚಹಾ ಚೆಲ್ಲಿದ ದಿನ ನನಗೆ ನೆನಪಿದೆ.

ಎಲ್ಲಿ ಸಿಕ್ಕಿತು ಎಂದು ಕೇಳಿದೆ. ನೆಟ್‌ನಲ್ಲಿ ಸಿಕ್ಕಿತೆಂದೂ, ತನ್ನ ಜೊತೆ ಓದುವವರೆಲ್ಲರ ಬಳಿಯೂ ಇದೆಯೆಂದೂ, ಬರೆದವರು ಯಾರೋ ಬಹಳ ಚೆನ್ನಾಗಿ ಬರೆದಿದ್ದಾರೆಂದೂ ಹೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಒಳಗೆ ಹೋಗಿ ಪರೀಕ್ಷೆ ಬರೆದೆ. ಬಂದ ಪ್ರಶ್ನೆಗಳಲ್ಲಿ ಬಹುಪಾಲು ಆ ಹಾಳೆಗಳಲ್ಲಿದ್ದವು. ಅಲ್ಲಿ ಕೂತ ಎಷ್ಟು ಜನ ನನ್ನ ನೋಟ್ಸನ್ನೇ ಓದಿ ಬಂದಿರಬಹುದು ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು.

ಅದು ನನ್ನ ಕೊನೆಯ ಪರೀಕ್ಷೆ. ಸರ್ಕಾರಿ ಶಿಕ್ಷಕಿಯಾಗಲು ಇರುವ ವಯಸ್ಸಿನ ಮಿತಿಗೆ ಕೆಲವೇ ತಿಂಗಳು ಬಾಕಿ ಇತ್ತು. ಅದಕ್ಕೆ ಮೊದಲು ಹುನಗುಂದದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಹನ್ನೆರಡು ವರ್ಷ ಅತಿಥಿ ಶಿಕ್ಷಕಿಯಾಗಿದ್ದೆ. ಹನ್ನೆರಡು ವರ್ಷ ಒಂದೇ ಮನೆಗೆ ಅತಿಥಿಯಾಗಿ ಹೋದವರನ್ನು ಯಾರಾದರೂ ಕಂಡಿದ್ದೀರಾ? ಶಾಲೆ ಶುರುವಾದಾಗ ಬಾ ಎನ್ನುತ್ತಿದ್ದರು, ಪರೀಕ್ಷೆ ಮುಗಿದ ಮೇಲೆ ಹೋಗು ಎನ್ನುತ್ತಿದ್ದರು. ಬೇಸಿಗೆಯಲ್ಲಿ ನಾನು ಯಾರೂ ಅಲ್ಲ. ಸ್ಟಾಫ್ ರೂಮಿನ ಗೋಡೆಯ ಮೇಲಿನ ಶಿಕ್ಷಕರ ಪಟ್ಟಿಯಲ್ಲಿ ನನ್ನ ಹೆಸರನ್ನು ಒಮ್ಮೆಯೂ ಬಣ್ಣದಲ್ಲಿ ಬರೆಯಲಿಲ್ಲ, ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಆ ಪಟ್ಟಿಯಲ್ಲಿ ಬಣ್ಣದ ಹೆಸರಾಗಬೇಕು ಎಂಬುದನ್ನು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ.

ನನ್ನ ಗಂಡ ಇಳಕಲ್ಲಿನ ಅನುದಾನಿತ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ಒಳ್ಳೆಯ ಮನುಷ್ಯ. ಒಳ್ಳೆಯತನದಿಂದ ನನಗೆ ಎಷ್ಟು ಸಲ ತಲೆ ಕೆಟ್ಟಿದೆಯೋ ಲೆಕ್ಕವಿಲ್ಲ. ಅವರ ಮನೆತನದ ಪದ್ಧತಿ, ಏನು ಬಂದರೂ ಮೊದಲು ಒಂದು ಪಾಲು ಹೊರಗೆ ಹೋಗಬೇಕು. ಅಡುಗೆಯಾದರೆ ಒಂದು ತಾಟು ಪಕ್ಕದ ಮನೆಗೆ, ಮೊದಲ ಹಸಿ ತೆನೆ ಬಂದರೆ ಓಣಿಗೆಲ್ಲ. ನನ್ನ ತವರು ಕಲಾದಗಿ. ಅಲ್ಲಿಂದ ಅಮ್ಮ ಒಂದು ಚೀಲ ಚಿಕ್ಕು ಕಳಿಸಿದರೆ ಬಸ್ಸಿನಲ್ಲಿ ಕಂಡಕ್ಟರನಿಂದ ಹಿಡಿದು ಪಕ್ಕದ ಸೀಟಿನವರವರೆಗೆ ಹಂಚಿ ಅರ್ಧ ಚೀಲ ತರುತ್ತಿದ್ದರು. ಬೈದರೆ ನಗುತ್ತಿದ್ದರು. ದಾಸೋಹ ಎಂಬುದು ಅವರಿಗೆ ಮಠದಲ್ಲಿ ಕೇಳಿ ಬರುವ ಮಾತಾಗಿರಲಿಲ್ಲ, ಕೈಗೆ ಹತ್ತಿದ ಅಭ್ಯಾಸವಾಗಿತ್ತು.

ಪರೀಕ್ಷೆಗೆ ತಯಾರಿ ಮಾಡಲು ದೊಡ್ಡ ಊರಿನ ಕೋಚಿಂಗ್ ಸಂಸ್ಥೆಯೊಂದು ಪಾಠದ ವಿಡಿಯೊಗಳನ್ನು ಮಾರುತ್ತಿತ್ತು. ಅದರ ಫೀ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅದೇ ವಿಡಿಯೊಗಳು ಟೊರೆಂಟಿನಲ್ಲಿ ಸಿಗುತ್ತವೆ ಎಂದು ಇವರು ಎಲ್ಲಿಂದಲೋ ಕಲಿತು ಬಂದರು. ಟೊರೆಂಟ್ ಎಂದರೆ ಏನೆಂದು ಒಂದು ಸಂಜೆ ನನ್ನನ್ನು ಕೂರಿಸಿ ವಿವರಿಸಿದರು. ಫೈಲು ಒಂದೇ ಕಡೆ ಇರುವುದಿಲ್ಲ, ಸಾವಿರಾರು ಜನರ ಕಂಪ್ಯೂಟರಿನಲ್ಲಿ ಚೂರು ಚೂರಾಗಿ ಇರುತ್ತದೆ. ನಮಗೆ ಬೇಕಾದ ಚೂರನ್ನು ಯಾರೋ ಕೊಡುತ್ತಾರೆ, ನಮ್ಮಲ್ಲಿ ಬಂದ ಚೂರನ್ನು ನಾವು ಇನ್ಯಾರಿಗೋ ಕೊಡುತ್ತೇವೆ, ಕೊಟ್ಟವರು ಯಾರು ತಗೊಂಡವರು ಯಾರು ಒಬ್ಬರಿಗೊಬ್ಬರು ಗೊತ್ತಿಲ್ಲ. ಇದನ್ನು ಹೇಳುವಾಗ ಅವರ ಮುಖ ಹಬ್ಬದಂತಾಗಿತ್ತು.

ಬಹಳಷ್ಟು ಮಂದಿ ತಮಗೆ ಬೇಕಾದದ್ದು ಬಂದ ತಕ್ಷಣ ಬಂದ್ ಮಾಡಿಬಿಡುತ್ತಾರಂತೆ. ಇವರಿಗೆ ಅದನ್ನು ಸಹಿಸಲಾಗಲಿಲ್ಲ.

"ಬರೇ ತಗೊಂಡು ಬಂದ್ ಮಾಡಿದ್ರ ಕಳ್ಳತನ ಆಗ್ತೈತಿ. ತಗೊಂಡು ಕೊಟ್ರ ದಾಸೋಹ," ಎಂದರು.

ನಾನು ಒಪ್ಪಿದೆ. ಈ ಮಾತು ಆಗ ನನಗೆ ಸರಿಯಾಗಿಯೇ ಕೇಳಿಸಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮೊದಲ ಸಲ ತಂದ ಕಟ್ಟು ನಮ್ಮನ್ನು ಸುಟ್ಟಿತು. ವಿಡಿಯೊಗಳ ಜೊತೆಗೆ ಅವುಗಳನ್ನು ತೆರೆಯಲಿಕ್ಕೆಂದು ಒಂದು ಸಣ್ಣ ಪ್ರೋಗ್ರಾಂ ಇತ್ತು. ಅದನ್ನು ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಎಂದು ಅದರಲ್ಲೇ ಬರೆದಿತ್ತು. ಇವರು ಆಫ್ ಮಾಡಿದರು. ವಾರದೊಳಗೆ ನನ್ನ ಮೇಲ್‌ನಿಂದ ನಮ್ಮ ಮುಖ್ಯೋಪಾಧ್ಯಾಯರಿಗೆ, ನನ್ನ ಹಳೆಯ ಗೆಳತಿಯರಿಗೆ, ಗುರುತಿದ್ದವರಿಗೆಲ್ಲ ನಾನು ಬರೆಯದ ಕಾಗದಗಳು ಹೋದವು. ಆಮೇಲೆ ಕಂಪ್ಯೂಟರಿನ ಯಾವ ಫೈಲೂ ತೆರೆಯದಾಯಿತು. ಇಳಕಲ್ಲಿನ ರಿಪೇರಿ ಅಂಗಡಿಯವನು ಎಲ್ಲವನ್ನೂ ಅಳಿಸಿ ಮರಳಿ ಕೊಟ್ಟ. ಇವರು ಇಪ್ಪತ್ತು ವರ್ಷ ಬಿಡಿಸಿದ ಚಿತ್ರಗಳ ಫೋಟೊಗಳು ಅದರೊಟ್ಟಿಗೆ ಹೋದವು. ಅಂಗಡಿಯವನು ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದ: ಟೊರೆಂಟಿನಲ್ಲಿ ಕೊಡುತ್ತ ಕೂತವರ ಕನೆಕ್ಷನ್ನಿನ ನಂಬರು ಎಲ್ಲರಿಗೂ ಕಾಣುತ್ತದೆ, ಅದರಿಂದ ಮನೆಯ ತನಕ ಬರಬಹುದು. ಇವರು ಅದನ್ನು ನನಗೆ ಹೇಳಿದರು, ನಾನು ಕೇಳಿದೆ, ಇಬ್ಬರೂ ಮರೆತೆವು. ಮುಂದಿನ ವಾರ ಬೇರೆಯವರು ಇಟ್ಟ ಕಟ್ಟನ್ನು ಇಳಿಸಿಕೊಂಡರು. ಅದು ಚೊಕ್ಕಟವಾಗಿತ್ತು.

ಮನೆಯ ಇಂಟರ್ನೆಟ್ ನನ್ನ ಹೆಸರಿನಲ್ಲಿತ್ತು. ಅವರ ಆಧಾರಿನಲ್ಲಿ ಇನ್ನೂ ಬಾದಾಮಿಯ ವಿಳಾಸ, ನನ್ನದರಲ್ಲಿ ಇಳಕಲ್ಲಿನದು. ಅಷ್ಟೇ ಕಾರಣ.

ಹತ್ತು ತಿಂಗಳು ಓದಿದೆ. ಶಾಲೆಯಿಂದ ಬಂದು ಮುಖ ತೊಳೆದು ಐದಕ್ಕೆ ಕೂತರೆ ಎಂಟಕ್ಕೆ ಏಳುತ್ತಿದ್ದೆ. ಒಂದು ಪಾಠ ನೋಡುವುದು, ಅದನ್ನು ನನ್ನ ಮಾತಿನಲ್ಲಿ ಬರೆಯುವುದು. ಹನ್ನೆರಡು ವರ್ಷ ಮಕ್ಕಳಿಗೆ ಹೇಳಿ ಅಭ್ಯಾಸ. ಯಾವುದನ್ನು ಎಲ್ಲಿ ಮುರಿದರೆ ತಲೆಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ನಾಲ್ಕು ಲಾಂಗ್ ಬುಕ್ ತುಂಬಿದವು. ಮೊದಲ ಭಾಗದ ಪಾಠಗಳು ಮುಗಿದಾಗ, "ಎರಡನೇ ಭಾಗ ಸಿಗ್ತೈತೇನು ನೋಡ್ರಿ" ಎಂದು ಕೇಳಿದವಳು ನಾನೇ. ಅವರು ಎರಡು ದಿನ ಹುಡುಕಿ ತಂದರು. ಬೆಳಿಗ್ಗೆ ನಾವಿಬ್ಬರೂ ಶಾಲೆಗೆ ಹೊರಡುವ ಮುಂಚೆ ಅವರು ಕಂಪ್ಯೂಟರ್ ಹಚ್ಚಿಟ್ಟು ಬರುತ್ತಿದ್ದರು. ನಾವು ಪಾಠ ಮಾಡುತ್ತಿರುವಾಗ ಖಾಲಿ ಮನೆಯಲ್ಲಿ ಅದು ಊರೂರಿಗೆ ಕೊಡುತ್ತ ಕೂತಿರುತ್ತಿತ್ತು.

ಪರೀಕ್ಷೆ ಮುಗಿಸಿ ಬಂದ ಸಂಜೆ ಆ ಹುಡುಗಿಯ ಕೈಯಲ್ಲಿದ್ದ ಹಾಳೆಗಳ ವಿಷಯ ಗಂಡನನ್ನು ಕೇಳಿದೆ. ಅವರು ಸಂತೋಷದಿಂದ ಹೇಳಿದರು. ಹಿಂದಿನ ಭಾನುವಾರಗಳಲ್ಲಿ ನಾನು ಬಟ್ಟೆ ಒಗೆಯುವಾಗ ಮಾಳಿಗೆಯ ಮೇಲೆ ಒಳ್ಳೆಯ ಬಿಸಿಲಿನಲ್ಲಿ ನನ್ನ ಲಾಂಗ್ ಬುಕ್ಕುಗಳ ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ತೆಗೆದಿದ್ದರು. ಡ್ರಾಯಿಂಗ್ ಮಾಸ್ತರರಲ್ಲವೇ, ಮೂಲೆ ಸೊಟ್ಟ ಬಂದರೆ ಮತ್ತೆ ತೆಗೆದಿದ್ದರು. ಎಲ್ಲವನ್ನೂ ಆ ವಿಡಿಯೊಗಳ ಜೊತೆ ಸೇರಿಸಿ ಹೊಸದೊಂದು ಕಟ್ಟು ಮಾಡಿ ಟೊರೆಂಟಿಗೆ ಬಿಟ್ಟಿದ್ದರು. ಮೊದಲ ಪುಟದಲ್ಲಿ, ಮಕ್ಕಳಿಗೆ ಬರೆಸುವ ಹಾಗೆ, ನಾನು ನನ್ನ ಹೆಸರು, ಶಾಲೆ, ಊರು ಬರೆದಿದ್ದೆ. ಅದೂ ಹೋಗಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಜೊತೆ ಪೈಪೋಟಿಗೆ ಕೂತವರ ಕೈಗೆ ನನ್ನ ವರ್ಷದ ದುಡಿಮೆಯನ್ನು ಕೊಟ್ಟಿದ್ದೀರಿ, ಒಂದು ಅಂಕದಲ್ಲಿ ನನ್ನ ಹೆಸರು ತಪ್ಪಿದರೆ ನಿಮ್ಮ ದಾಸೋಹವನ್ನು ಎಲ್ಲಿ ಇಡಲಿ ಎಂದು ಕೇಳಿದೆ. ಅವರು ಫೀ ಕಟ್ಟಲಾಗದವರು ಎಷ್ಟು ಮಂದಿ ಇದ್ದಾರೆ ಎಂದರು. ನಾಲ್ಕು ದಿನ ಮಾತು ಬಿಟ್ಟೆ. ಆಗ ನನಗಿದ್ದ ಹೆದರಿಕೆ ಅಂಕದ್ದು ಮಾತ್ರ. ಪೊಲೀಸ್ ಎಂಬ ಪದ ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ.

ನನ್ನ ಹೆಸರು ಆಯ್ಕೆ ಪಟ್ಟಿಯಲ್ಲಿ ಬಂತು. ಅಮ್ಮ ಕಲಾದಗಿಯಿಂದ ಬಂದು ಮುಖ ಸವರಿ ಲಟಿಕೆ ಮುರಿದಳು. ದಾಖಲೆಗಳ ಪರಿಶೀಲನೆ ಮುಗಿಯಿತು. ಇನ್ನು ಉಳಿದದ್ದು ಪೊಲೀಸ್ ಪರಿಶೀಲನೆ; ನನ್ನ ಮೇಲೆ ಯಾವ ಪ್ರಕರಣವೂ ಇಲ್ಲವೆಂದು ಠಾಣೆಯಿಂದ ಬಂದರೆ ಆದೇಶ ಕೈಗೆ. ಆ ಕಾಗದ ಬರುವ ಮೊದಲು ಇನ್ನೊಂದು ಬಂತು, ಬಾಗಲಕೋಟೆಯ ಸೈಬರ್ ಠಾಣೆಯಿಂದ, ಶಾಲೆಯ ವಿಳಾಸಕ್ಕೆ. ಕೋಚಿಂಗ್ ಸಂಸ್ಥೆಯವರು ದೂರು ಕೊಟ್ಟಿದ್ದರು. ತಮ್ಮ ವಿಡಿಯೊಗಳನ್ನು ಕದ್ದು ಹಂಚಿದವರ ಕನೆಕ್ಷನ್ ಹುಡುಕಿದಾಗ ನನ್ನ ಹೆಸರು ಸಿಕ್ಕಿತ್ತು. ಕಟ್ಟಿನೊಳಗಿನ ನೋಟ್ಸಿನ ಮೊದಲ ಪುಟದಲ್ಲೂ ಅದೇ ಹೆಸರು. ಎರಡು ಕಡೆಯಿಂದ ಬೆರಳು ನನ್ನ ಕಡೆಗೇ ತೋರಿಸುತ್ತಿತ್ತು. ಮುಖ್ಯೋಪಾಧ್ಯಾಯರು ಅದನ್ನು ಓದಿ ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ನೋಡಿದರು. ನಾನು ಏಳನೇ ತರಗತಿಗೆ ಹೋಗಿ ಆ ದಿನದ ಪಾಠ ಮುಗಿಸಿದೆ. ಆ ದಿನದಿಂದ ನನ್ನೊಳಗೆ ಏನೋ ಜೋಮು ಹಿಡಿಯಿತು, ಅದು ಇನ್ನೂ ಬಿಟ್ಟಿಲ್ಲ.

ಇಬ್ಬರೂ ಬೆಳಗಿನ ಬಸ್ಸಿಗೆ ಹೊರಟೆವು. ಹುನಗುಂದ ದಾಟಿತು, ಅಮೀನಗಡ ದಾಟಿತು, ಯಾವಾಗಲೂ ಇಳಿದು ಕರದಂಟು ಕೊಳ್ಳುವ ಮನುಷ್ಯ ಸೀಟು ಬಿಟ್ಟು ಏಳಲಿಲ್ಲ.

ಠಾಣೆಯ ಇನ್‌ಸ್ಪೆಕ್ಟರ್ ಸಭ್ಯಸ್ಥರು. ಕೂರಲು ಕುರ್ಚಿ ಕೊಡಿಸಿದರು. ವಿಡಿಯೊ ನೋಡಿದವರು ರಾಜ್ಯದ ತುಂಬ ಇದ್ದಾರೆ, ಅವರ ಹಿಂದೆಲ್ಲ ಯಾರೂ ಹೋಗುವುದಿಲ್ಲ. ಬೇರೆಯವರ ಸ್ವತ್ತು ಎಂದು ಗೊತ್ತಿದ್ದೂ ಹಂಚುತ್ತ ಕೂತವರನ್ನೇ ದೂರುದಾರರು ಹುಡುಕುತ್ತಾರೆ, ಇದಕ್ಕೆ ಜೈಲು ಶಿಕ್ಷೆಯೂ ಇದೆ ಎಂದು ವಿವರಿಸಿದರು. ನನ್ನ ಗಂಡ ತಲೆ ತಗ್ಗಿಸಿ ಕೇಳಿದರು. ತಗೊಂಡವರು ಪಾರು, ಕೊಟ್ಟವರು ಆರೋಪಿ, ಇದನ್ನು ಅವರ ತಲೆ ಎಲ್ಲಿಟ್ಟುಕೊಂಡಿತೋ ನನಗೆ ಗೊತ್ತಿಲ್ಲ. ಆಮೇಲೆ ಇನ್‌ಸ್ಪೆಕ್ಟರ್ ನನಗೆ ಹೇಳಿದರು: ಪ್ರಕರಣದಲ್ಲಿ ನನ್ನ ಹೆಸರು ನಿಂತರೆ ನೇಮಕಾತಿ ನಿಲ್ಲುತ್ತದೆ. ಮುಂದೆ ಖುಲಾಸೆ ಆದರೂ ಅಷ್ಟರಲ್ಲಿ ಪಟ್ಟಿ ಮುಗಿದಿರುತ್ತದೆ, ವಯಸ್ಸು ದಾಟಿರುತ್ತದೆ.

ನನ್ನ ಗಂಡ ಎದ್ದು ನಿಂತರು. ತರಗತಿಯಲ್ಲಿ ಹುಡುಗರು ನಿಲ್ಲುವಂತೆ ಕೈ ಪಕ್ಕಕ್ಕೆ ಇಟ್ಟುಕೊಂಡು ನಿಂತರು.

"ಎಲ್ಲಾ ನಾ ಮಾಡಿದ್ದು ಸಾಹೇಬ್ರ. ಆಕಿಗೆ ಏನೂ ಗೊತ್ತಿಲ್ಲ. ಇದು ಎಲ್ಲಿಂದ ಬಂತು ಅಂತನೂ ಗೊತ್ತಿಲ್ಲ."

ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. "ಖರೇನ್ರಿ ಅಕ್ಕೋರ?"

ನನಗೆ ಗೊತ್ತಿತ್ತು. ನೋಟ್ಸು ಹೋದದ್ದು ಗೊತ್ತಿರಲಿಲ್ಲ, ಉಳಿದದ್ದೆಲ್ಲ ಗೊತ್ತಿತ್ತು. ಎರಡನೇ ಭಾಗ ಕೇಳಿದ ನಾಲಿಗೆ ಬಾಯಲ್ಲೇ ಇತ್ತು.

"ನನಗ ಗೊತ್ತಿರಲಿಲ್ರಿ," ಎಂದೆ.

ನನ್ನ ಗಂಡ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಠಾಣೆಯವರು ಹೇಳಿಕೆಯನ್ನು ಟೈಪ್ ಮಾಡಿ ಓದಿ ಹೇಳಿದರು. ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ಹೊರಗೆ ಬಂದ ಮೇಲೆ ಎಳನೀರು ಕುಡಿದೆವು. ಇನ್ನೇನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ನನ್ನ ಹೆಸರನ್ನು ಪ್ರಕರಣದಿಂದ ಕೈಬಿಟ್ಟರು. ಪರಿಶೀಲನೆಯ ಕಾಗದ ಬಂತು, ಆದೇಶ ಬಂತು. ಬೇವೂರಿನ ಕಡೆಯ ಶಾಲೆಯೊಂದನ್ನು ಆರಿಸಿಕೊಂಡೆ. ಹಾಜರಾದ ದಿನ ಸ್ಟಾಫ್ ರೂಮಿನಲ್ಲಿ ಪೇಂಟರನನ್ನು ಕರೆಸಿ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿದರು. ಬಿಳಿ ಬಣ್ಣ, ಕೆಳಗೆ ಹಳದಿ ಗೆರೆ. ನಾನು ನಿಂತು ನೋಡಿದೆ. ಹನ್ನೆರಡು ವರ್ಷ ಕಾದ ಹೊತ್ತು ಅದು. ಬಣ್ಣದ ವಾಸನೆಗೆ ತಲೆ ನೋಯುತ್ತಿದೆ ಎಂಬುದು ಬಿಟ್ಟು ಬೇರೇನೂ ಅನಿಸಲಿಲ್ಲ.

ಅದೇ ತಿಂಗಳು ನನ್ನ ಗಂಡನ ಶಾಲೆಯ ಆಡಳಿತ ಮಂಡಳಿ ಅವರನ್ನು ಅಮಾನತಿನಲ್ಲಿಟ್ಟಿತು. ಅವರು ಮನೆಯಲ್ಲಿ ಉಳಿದರು. ರೊಟ್ಟಿ ಬಡಿಯುವುದನ್ನು ಕಲಿತರು. ಮೊದಮೊದಲು ಅವರ ರೊಟ್ಟಿಗಳು ಅವರು ಬರೆದ ನಕಾಶೆಗಳಂತಿರುತ್ತಿದ್ದವು, ಆಮೇಲೆ ದುಂಡಗಾದವು. ಎರಡು ಬಸ್ಸು ಹಿಡಿದು ಹೋಗುವ ನನಗೆ ಡಬ್ಬಿ ಕಟ್ಟಿ ಬಾಗಿಲ ತನಕ ಬಂದು ಕೊಡುತ್ತಿದ್ದರು. ಚಿತ್ರ ಬಿಡಿಸುವುದನ್ನು ಬಿಟ್ಟರು. ಕಂಪ್ಯೂಟರನ್ನು ಪೊಲೀಸರು ಒಯ್ದಿದ್ದರು, ಅದಿದ್ದ ಮೇಜಿನ ಮೇಲೆ ಮಡಿಚಿದ ಬಟ್ಟೆ ಇಡತೊಡಗಿದೆವು. ಓಣಿಯವರು ಮೊದಲು ಮಾತಾಡಿಸುತ್ತಿದ್ದರು, ಆಮೇಲೆ ಅಮಾನತಿನ ಸುದ್ದಿ ಹಬ್ಬಿ ಕಡಿಮೆ ಮಾಡಿದರು. ಸೀರೆ ಅಂಗಡಿಯ ಮಾಲೀಕರೊಬ್ಬರು, ಇವರಿಂದ ಎಷ್ಟೋ ಸಲ ದಡಿಯ ನಮೂನೆ ಬರೆಸಿಕೊಂಡವರು, ದಾರಿಯಲ್ಲಿ ಕಂಡರೆ ಮೊಬೈಲ್ ನೋಡುತ್ತ ದಾಟಿ ಹೋಗುತ್ತಿದ್ದರು. ಆ ವರ್ಷ ಕಲಾದಗಿಯಿಂದ ಬಂದ ಚಿಕ್ಕುವಿನ ಚೀಲ ಪೂರ್ತಿ ತುಂಬಿದ್ದೇ ಮನೆಗೆ ಬಂತು. ಅರ್ಧ ಕೊಳೆತು ಹೋದವು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಕನಿಕರವಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಕೊಳೆತದ್ದನ್ನು ಆರಿಸಿ ಹೊರಗೆ ಹಾಕಿದೆ.

ಎರಡನೆಯ ವರ್ಷ ಹುನಗುಂದದ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ತಪ್ಪೊಪ್ಪಿಕೊಂಡರೆ ನೌಕರಿ ಪೂರ್ತಿ ಹೋಗುತ್ತದೆ, ನಡೆಸೋಣ ಎಂದು ವಕೀಲರು ಇವರನ್ನು ಒಪ್ಪಿಸಿದ್ದರು. ಒಂದು ದಿನ ಶಾಲೆಗೆ ಸಮನ್ಸ್ ಬಂತು. ಆರೋಪಿಯ ಜಾಗದಲ್ಲಿ ನನ್ನ ಗಂಡನ ಹೆಸರು. ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರು, ಪಕ್ಕದಲ್ಲಿ ಸರ್ಕಾರಿ ಶಾಲಾ ಶಿಕ್ಷಕಿ ಎಂದು ಹುದ್ದೆ. ಅವರ ವಿರುದ್ಧದ ಸಾಕ್ಷಿ.

ವಕೀಲರ ಮನೆಗೆ ಹೋಗಿ ಕೇಳಿದೆ. ಠಾಣೆಯಲ್ಲಿ ಆರೋಪಿ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ. ಸಾಕ್ಷಿ ಕಟ್ಟೆಯಲ್ಲಿ ಹೇಳಿದ್ದು ನಿಲ್ಲುತ್ತದಂತೆ. ಗಂಡ ಹೆಂಡತಿ ತಮ್ಮಲ್ಲಿ ಆಡಿಕೊಂಡ ಮಾತನ್ನು ಹೇಳೆಂದು ಯಾರೂ ನನ್ನನ್ನು ಒತ್ತಾಯಿಸುವಂತಿಲ್ಲ. ಆದರೆ ಕಂಪ್ಯೂಟರನ್ನು ಯಾರು ನಡೆಸುತ್ತಿದ್ದರು, ವಿಡಿಯೊಗಳು ಎಲ್ಲಿಂದ ಬಂದವೆಂದು ನನಗೆ ಗೊತ್ತಿತ್ತೇ ಎಂದು ಕೇಳಬಹುದು. ನಡೆಸುತ್ತಿದ್ದವರು ಅವರು, ನನಗೆ ಗೊತ್ತಿರಲಿಲ್ಲ ಎಂದರೆ ಪ್ರಕರಣ ಅವರೊಬ್ಬರ ಮೇಲೆ ಗಟ್ಟಿಯಾಗುತ್ತದೆ. ಗೊತ್ತಿತ್ತು ಎಂದರೆ ನಾನು ಠಾಣೆಯಲ್ಲಿ ಸುಳ್ಳು ಹೇಳಿದವಳಾಗುತ್ತೇನೆ, ಅವರ ಪಕ್ಕಕ್ಕೆ ಆರೋಪಿಯಾಗಿಯೂ ನಿಲ್ಲಬಹುದು, ನೌಕರಿ ಉಳಿಯುವುದು ಅನುಮಾನ. ವಕೀಲರು ಇದಿಷ್ಟನ್ನು ಹೇಳಿ, ನಿರ್ಧಾರ ನಿಮ್ಮದು ಎಂದರು. ನಿರ್ಧಾರ ಆಗಲೇ ಆಗಿಹೋಗಿತ್ತು, ಅವರಿಗೆ ಗೊತ್ತಿರಲಿಲ್ಲ ಅಷ್ಟೇ.

ಆ ದಿನ ಆರೋಪಿ ಮತ್ತು ಸಾಕ್ಷಿ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋದೆವು. ನನ್ನ ಚೀಲವನ್ನು ಅವರು ತೊಡೆಯ ಮೇಲಿಟ್ಟುಕೊಂಡಿದ್ದರು. ಇಳಕಲ್ಲಿನಿಂದ ಹುನಗುಂದಕ್ಕೆ ಎಷ್ಟು ಹೊತ್ತಿನ ದಾರಿ? ಊರು ಹತ್ತಿರವಾದಾಗ ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

"ಅಲ್ಲಿ ಹೇಳಿದ್ದನ್ನ ಇಲ್ಲೂ ಹೇಳು. ಒಂದು ಶಬ್ದಾನೂ ಬದಲ ಮಾಡಬ್ಯಾಡ. ಇಬ್ಬರೂ ಮನಿಯಾಗ ಕೂತು ಮಾಡೂದೇನೈತಿ?"

ನಾನು ಹೂಂ ಎಂದೆ. ಬೇಡ ಎನ್ನಲು ನನ್ನೊಳಗೆ ಯಾರಾದರೂ ಏಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದೆ. ಯಾರೂ ಏಳಲಿಲ್ಲ.

ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ಎದುರಿನ ಮೇಜಿನ ಮೇಲೆ ನನ್ನ ನಾಲ್ಕು ಲಾಂಗ್ ಬುಕ್ಕುಗಳು, ದಾರ ಕಟ್ಟಿ ಚೀಟಿ ಅಂಟಿಸಿದ್ದರು. ಇವು ನಿಮ್ಮವೇ ಎಂದು ಸರ್ಕಾರಿ ವಕೀಲರು ಕೇಳಿದರು, ಹೌದು ಎಂದೆ. ಕಂಪ್ಯೂಟರ್ ಯಾರು ನಡೆಸುತ್ತಿದ್ದರು ಎಂದರು, ನಮ್ಮ ಯಜಮಾನರು ಎಂದೆ. ಕಟಕಟೆಯಲ್ಲಿ ನಿಂತವರನ್ನು ತೋರಿಸಿ, ಇವರೇನಾ ಎಂದರು. ಹೌದು ಎಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಇಸ್ತ್ರಿ ಅವರದೇ. ಆ ವಿಡಿಯೊಗಳು ಎಲ್ಲಿಂದ ಬಂದವೆಂದು ನಿಮಗೆ ಗೊತ್ತಿತ್ತೇ ಎಂದು ಕೇಳಿದರು.

"ಗೊತ್ತಿರಲಿಲ್ರಿ."

ನನ್ನ ಗಂಡ ಕಟಕಟೆಯಿಂದಲೇ ಮೆಲ್ಲಗೆ ತಲೆಯಾಡಿಸಿದರು. ಮಕ್ಕಳು ಅಳತೆಪಟ್ಟಿ ಇಲ್ಲದೆ ನೇರ ಗೆರೆ ಎಳೆದಾಗ ಅವರು ಹಾಗೆ ತಲೆಯಾಡಿಸುವುದನ್ನು ನಾನು ನೋಡಿದ್ದೆ.

ಟೈಪ್ ಮಾಡುವವರಿಗೆ ಕೇಳಿಸಲಿಲ್ಲವೆಂದು ನ್ಯಾಯಾಧೀಶರು ಜೋರಾಗಿ ಹೇಳಲು ಹೇಳಿದರು. ನಾನು ತರಗತಿಯ ಹಿಂದಿನ ಬೆಂಚಿಗೂ ಮುಟ್ಟುವ ನನ್ನ ಪಾಠದ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ, ಅದನ್ನು ಇನ್ನೊಮ್ಮೆ ಹೇಳಿದೆ.